ಚಿಕ್ಕಮ್ಮನ ಅಂಗೈ

ಪೇಟೆಯವರಿಗೆಲ್ಲ ಅವರು ಡಾಕ್ಟರು. ಹಾಗೆಂದು ಅವರು ಯಾರ ನಾಡಿಯನ್ನೂ ಹಿಡಿದವರಲ್ಲ, ಯಾರಿಗೂ ಸೂಜಿ ಚುಚ್ಚಿದವರಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದೊಂದು ಲಾಂಡ್ರಿ ಇತ್ತು. ಮದುವೆ ಸೀರೆಯ ಮೇಲೆ ಚೆಲ್ಲಿದ ಸಾರು, ವಕೀಲರ ಕೋಟಿನ ಮೇಲೆ ಸೋರಿದ ಮಸಿ, ಸೋಫಾ ಹೊದಿಕೆಯ ಮೇಲೆ ಮಕ್ಕಳು ಮಾಡಬಾರದ್ದು ಮಾಡಿದ ಗುರುತು, ಯಾವುದೇ ಇರಲಿ, ಅವರ ಕೈಗೆ ಸಿಕ್ಕ ಮೇಲೆ ಅದರ ಆಯಸ್ಸು ಮುಗಿದಂತೆಯೇ. ಗಿರಾಕಿ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಹರಡಿದ ಕೂಡಲೇ ಭೂತಗನ್ನಡಿ ಹಿಡಿದು ಬಗ್ಗುವರು. "ಯಾವಾಗಿಂದ ಇದೆ?" ಎಂದು ಕೇಳುವರು. "ನಿನ್ನೆಯಿಂದ" ಎಂದರೆ ಮುಖ ಸಡಿಲವಾಗುವುದು, "ಹೋದ ತಿಂಗಳಿಂದ" ಎಂದರೆ ಲೊಚಗುಟ್ಟುವರು. ಕೊನೆಯದಾಗಿ ತಲೆ ಎತ್ತಿ, "ಉಜ್ಜಿದ್ರಾ?" ಎನ್ನುವರು. ಉಜ್ಜಿದವರು ಸಕ್ಕರೆ ಕಾಯಿಲೆಯಿದ್ದೂ ಸಿಹಿ ತಿಂದು ಸಿಕ್ಕಿಬಿದ್ದವರ ಹಾಗೆ ನೆಲ ನೋಡುತ್ತಿದ್ದರು. ಡಾಕ್ಟರು ಎಂಬ ಹೆಸರು ಬಂದದ್ದು ಹೀಗೆ. ಚೀಟಿ ಬರೆಯುತ್ತಾ, ಬಿದ್ದುಹೋದ ಗುಂಡಿಗಳಿಗೆ ಜೊತೆ ಹುಡುಕುತ್ತಾ ಪಕ್ಕದಲ್ಲಿ ಕೂರುತ್ತಿದ್ದ ಅವರ ಹೆಂಡತಿಯನ್ನು ಜನ ಡಾಕ್ಟರಮ್ಮ ಎಂದು ಕರೆದದ್ದು ನ್ಯಾಯವಾಗಿಯೇ ಇತ್ತು.

ಅಂಗಡಿಯ ಗೋಡೆಯ ಮೇಲೆ, ಯಾರ ಕಣ್ಣಿಗೂ ತಪ್ಪದಂಥ ಕಡೆ, ಒಂದು ಬೋರ್ಡು ತೂಗುತ್ತಿತ್ತು. "ಕಲೆಯಾದ ಬಟ್ಟೆಗೆ ಬಿಸಿನೀರು ಹಾಕಬೇಡಿ. ಉಜ್ಜಬೇಡಿ. ಇಸ್ತ್ರಿ ಮಾಡಬೇಡಿ. ಮಾಡಿದರೆ ನಮ್ಮ ಹತ್ತಿರ ತರಬೇಡಿ." ತಂದವರನ್ನು ಡಾಕ್ಟರು ವಾಪಸ್ಸು ಕಳಿಸಿದ್ದಿಲ್ಲ ಎನ್ನುವುದು ಬೇರೆ ಮಾತು. ಬೈದು ಇಟ್ಟುಕೊಳ್ಳುತ್ತಿದ್ದರು.

ಅವರ ಬಾಯಲ್ಲಿ ಒಂದು ಕಥೆ ಸದಾ ತಯಾರಾಗಿರುತ್ತಿತ್ತು. ಹೊಸ ಗಿರಾಕಿ ಯಾರಾದರೂ "ಇದು ಹೋಗುತ್ತಾ?" ಎಂದು ಅನುಮಾನದ ಧ್ವನಿ ತೆಗೆದರೆ ಸಾಕು, ಅವರು ಶುರುಮಾಡುವರು. "ಏನ್ ಸ್ವಾಮಿ, ನಾನು ಮದುವೆಯಾಗಿ ಇನ್ನೂ ವಾರ ಆಗಿರಲಿಲ್ಲ. ಇವಳ ಪೆಟ್ಟಿಗೆಯಲ್ಲಿ ಒಂದು ಬಿಳಿ ಸೀರೆ. ಬೆನ್ನಿನ ಜಾಗದಲ್ಲಿ ಇಷ್ಟಗಲ ಹಳದಿ ಕಲೆ! ಹೂವಿನ ಬಣ್ಣ, ಹಠಮಾರಿ ಬಣ್ಣ. ನಮ್ಮಪ್ಪ ನೋಡಿ, 'ಬಿಡೋ, ಇದು ಹೋಗಲ್ಲ' ಅಂದ್ರು. ಎರಡು ದಿನ ಕೂತೆ. ಮೂರನೇ ದಿನ ಹಾಲಿನ ಹಾಗೆ ಬೆಳ್ಳಗೆ ಮಾಡಿ ಇವಳ ಕೈಗೆ ಕೊಟ್ಟೆ. ಆನಂದಕ್ಕೆ ಇವಳ ಕಣ್ಣಲ್ಲಿ ನೀರು ಬಂತು, ಕೇಳಿ ಬೇಕಾದ್ರೆ." ಗಿರಾಕಿ ತಿರುಗಿ ನೋಡುವನು. ಡಾಕ್ಟರಮ್ಮ ಗುಂಡಿಯ ಡಬ್ಬಿಯಿಂದ ತಲೆ ಎತ್ತದೆ, "ಹೌದು, ಬಂತು" ಎನ್ನುವರು. ಮೂವತ್ತೊಂದು ವರ್ಷದಿಂದ ಆ ಕಥೆಗೆ ಅವರ ಸಾಕ್ಷಿ ಅಷ್ಟೇ.

ಡಾಕ್ಟರಮ್ಮನ ತವರೂರು ಬಣ್ಣದ ಹಬ್ಬಕ್ಕೆ ಹೆಸರಾದ ಊರು. ಚಳಿ ಹೋಗಿ ಮರಗಳು ಚಿಗುರುವ ಹೊತ್ತಿಗೆ ಅಲ್ಲಿ ವಸಂತದ ಹಬ್ಬ ಬರುತ್ತದೆ. ಊರಿಗೆ ಊರೇ ಬೀದಿಗಿಳಿದು ಒಬ್ಬರ ಮೇಲೊಬ್ಬರು ಬಣ್ಣ ಸುರಿದುಕೊಳ್ಳುತ್ತದೆ. ಡಾಕ್ಟರ ಊರಿನಲ್ಲಿ ಅದರ ಸುಳಿವೂ ಇಲ್ಲ. ಅಲ್ಲಿ ವಸಂತವೆಂದರೆ ಚಳಿಗಾಲದ ಕೋಟು, ಶಾಲು, ಕಂಬಳಿಗಳೆಲ್ಲ ಒಟ್ಟಿಗೆ ಲಾಂಡ್ರಿಗೆ ನುಗ್ಗುವ ಕಾಲ. "ಈ ವರ್ಷ ಹಬ್ಬಕ್ಕೆ ಹೋಗೋಣ್ವಾ?" ಎಂದು ಡಾಕ್ಟರಮ್ಮ ಕೇಳುವುದು, ಅವರು ಕೋಟುಗಳ ಗುಡ್ಡದ ಹಿಂದಿನಿಂದ "ಮುಂದಿನ ವರ್ಷ ನೋಡೋಣ ಕಣೇ" ಎನ್ನುವುದು, ಇದು ಮೂವತ್ತೊಂದು ಸಲ ನಡೆದಿತ್ತು. ನಿಜ ಹೇಳಬೇಕೆಂದರೆ ಕೋಟು ಒಂದು ನೆಪ. ಒಳ್ಳೆಯ ಬಟ್ಟೆ ಉಟ್ಟು ಬೇಕೆಂದೇ ಬಣ್ಣ ಸುರಿಸಿಕೊಳ್ಳುವ ಜನರ ನಡುವೆ ನಿಲ್ಲುವುದನ್ನು ನೆನೆದರೇ ಅವರ ಮೈ ಜುಮ್ಮೆನ್ನುತ್ತಿತ್ತು.

ಈ ವರ್ಷ ಮಾತ್ರ ಡಾಕ್ಟರಮ್ಮ ಕೇಳಲಿಲ್ಲ, ಹೇಳಿದರು.

"ನಾನು ಹೊರಟಿದೀನಿ. ನೀವು ಬಂದ್ರೆ ಇಬ್ಬರಿಗೆ ಟಿಕೆಟ್ಟು, ಇಲ್ಲಾಂದ್ರೆ ಒಬ್ಬರಿಗೆ. ಚಿಕ್ಕಮ್ಮನಿಗೆ ಎಂಬತ್ನಾಲ್ಕು ಆಯ್ತು. 'ಈ ಸಲ ಬಂದ್ರೆ ನಿನ್ನ ಬೆನ್ನ ಮೇಲೆ ಕೈ ಇಡ್ತೀನಿ, ಮುಂದಿನ ಸಲದ್ದು ನನ್ನ ಕೇಳಬೇಡ' ಅಂತ ಫೋನಲ್ಲಿ ಅಂದ್ರು. ನನಗೆ ಆ ಕೈ ಬೇಕು."

ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ಅಕ್ಕತಂಗಿಯರಿಬ್ಬರನ್ನೂ ಸಾಕಿದವರು ಆ ಚಿಕ್ಕಮ್ಮ. ಹಬ್ಬದ ಬೆಳಿಗ್ಗೆ, ಬೇರೆ ಯಾರೂ ಮುಟ್ಟುವ ಮೊದಲು, ಮನೆಯ ಹಿರಿಯಳು ಬಣ್ಣದಲ್ಲಿ ಅಂಗೈ ಅದ್ದಿ ಹೆಣ್ಣುಮಕ್ಕಳ ಬೆನ್ನ ಮೇಲೆ ಇಡುವುದು ಆ ಮನೆಯ ಪದ್ಧತಿ. ಡಾಕ್ಟರು ಇದನ್ನೆಲ್ಲ ಕೇಳಿಸಿಕೊಂಡರು. ಎಂಬತ್ನಾಲ್ಕು ವರ್ಷದ ಮುದುಕಿ ಮಗಳ ಬೆನ್ನು ಸವರಬೇಕು, ಮಗಳಿಗೂ ಅದು ಬೇಕು, ಇದರಲ್ಲಿ ತಪ್ಪೇನು? ಅಂಗಡಿಗೆ ನಾಲ್ಕು ದಿನ ಬೀಗ ಹಾಕಲು ಒಪ್ಪಿದರು. ಒಪ್ಪಿದ ಮೇಲೆ ಅವರ ತಲೆ ಬೇರೆ ದಿಕ್ಕಿಗೆ ಓಡಿತು. ಡಾಕ್ಟರಮ್ಮ ಹಬ್ಬಕ್ಕೆಂದೇ ಹೊಸದೊಂದು ಬಿಳಿ ಹತ್ತಿ ಸೀರೆ ತಂದಿದ್ದರು. ಎಂಥ ನೇಯ್ಗೆ! ಬೆಳಕಿಗೆ ಹಿಡಿದರೆ ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಇಂಥ ಸೀರೆಯನ್ನು ಬಣ್ಣಕ್ಕೆ ಬಲಿ ಕೊಡುವುದೇ?

ಡಾಕ್ಟರ ಹತ್ತಿರ ಒಂದು ಔಷಧವಿತ್ತು. ಮೇಣವನ್ನು ಕರಗಿಸಿ, ಅದಕ್ಕೆ ಇನ್ನೇನೇನೋ ಸೇರಿಸಿ ತಾವೇ ಕಂಡುಹಿಡಿದದ್ದು. ಅದಕ್ಕೆ ಕವಚ ಎಂದು ಹೆಸರಿಟ್ಟಿದ್ದರು. ಹೋಟೆಲಿನ ಮೇಜುಬಟ್ಟೆಗಳಿಗೆ ಅದನ್ನು ಹಚ್ಚಿಕೊಡುತ್ತಿದ್ದರು. ಹಚ್ಚಿದ್ದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುವುದಿಲ್ಲ, ಆದರೆ ಮೇಲೆ ಏನು ಬಿದ್ದರೂ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಜಾರಿಹೋಗುತ್ತದೆ. ಹೊರಡುವ ಹಿಂದಿನ ದಿನ ಡಾಕ್ಟರಮ್ಮ ಪಕ್ಕದ ಮನೆಗೆ ಹೋಗಿದ್ದ ಹೊತ್ತಿನಲ್ಲಿ ಅವರು ಆ ಸೀರೆಗೆ ಒಂದಲ್ಲ, ಎರಡು ಸಲ ಕವಚ ಹಚ್ಚಿದರು. ತಮ್ಮ ಬಿಳಿ ಅಂಗಿಗೂ ಒಂದು ಸಲ ಹಚ್ಚಿಕೊಂಡರು. ಹೇಳಿದರೆ ಬೇಡ ಎನ್ನಬಹುದು, ಹಬ್ಬ ಮುಗಿದ ಮೇಲೆ ಸೀರೆಯನ್ನು ಹೊಸದರ ಹಾಗೆ ಕೈಗಿಟ್ಟರೆ ಹೆಂಡತಿ ಕುಣಿದಾಡುತ್ತಾಳೆ ಎಂದು ಒಳಗೊಳಗೇ ಹಿಗ್ಗಿದರು. ಪಾಪ, ಆ ಮನುಷ್ಯನನ್ನು ಬೈಯುವಂತಿಲ್ಲ. ಇಷ್ಟು ವರ್ಷದಲ್ಲಿ ಅವರ ಅಂಗಡಿಗೆ ಸಾವಿರಾರು ಜನ ಬಂದಿದ್ದರು, ಕಲೆ ಉಳಿಯಲಿ ಎನ್ನುವ ಗಿರಾಕಿ ಒಬ್ಬರೂ ಬಂದಿರಲಿಲ್ಲ.

ರೈಲಿನಲ್ಲಿ ಡಾಕ್ಟರಮ್ಮ ಕಿಟಕಿಯ ಪಕ್ಕ ಕೂತು ಇಡೀ ದಾರಿ ಮಾತಾಡಿದರು. ಅಂಗಡಿಯಲ್ಲಿ ದಿನಕ್ಕೆ ಹತ್ತು ಮಾತು ಆಡುವವರು ಅಂದು ಮೂವತ್ತೊಂದು ವರ್ಷದ್ದನ್ನೂ ಒಟ್ಟಿಗೆ ಬಿಚ್ಚಿದರು. ಮುತ್ತುಗದ ಹೂವನ್ನು ಹೇಗೆ ಒಣಗಿಸುತ್ತಾರೆ, ಹಂಡೆಯಲ್ಲಿ ಹೇಗೆ ಕುದಿಸುತ್ತಾರೆ, ಯಾರ ಮನೆಯ ಬಣ್ಣ ಗಾಢ, ಯಾರದು ನೀರು ನೀರು. ಎದುರಿಗೆ ಕೂತಿದ್ದ ಹೆಂಗಸಿಗೆ ಅವರ ಮಾತು ಕೇಳಿ ಕೇಳಿ ತನ್ನ ನಿಲ್ದಾಣವೇ ಮರೆತುಹೋಗುವುದರಲ್ಲಿತ್ತು. ಡಾಕ್ಟರು ಬೇರೆ ಡಾಕ್ಟರುಗಳ ಹಾಗೆಯೇ ಪ್ರಯಾಣದಲ್ಲೂ ಔಷಧದ ಪೆಟ್ಟಿಗೆ ಬಿಡುವವರಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ಹೊಳೆಯುವ ಮುಖ ನೋಡುತ್ತಾ, ಮೊದಲೇ ಕರೆದುಕೊಂಡು ಬರಬಹುದಿತ್ತು ಎಂದುಕೊಂಡರು.

ನಿಲ್ದಾಣಕ್ಕೆ ಡಾಕ್ಟರಮ್ಮನ ಅಕ್ಕ, ಭಾವ ಇಬ್ಬರೂ ಬಂದಿದ್ದರು. ಭಾವ ಎತ್ತರದ ಆಳು, ಶಾಲೆಯಲ್ಲಿ ಡ್ರಿಲ್ ಮೇಷ್ಟರಾಗಿದ್ದವರು, ನಿವೃತ್ತರಾದರೂ ಅವರ "ಹೇಗಿದ್ದೀರಿ?" ಮೈದಾನದ ಆ ತುದಿಗೆ ಕೇಳುವಂತಿರುತ್ತಿತ್ತು. ಮನೆಯ ಬಾಗಿಲಲ್ಲಿ ಚಿಕ್ಕಮ್ಮ ಕುರ್ಚಿ ಹಾಕಿಸಿಕೊಂಡು ಕಾದಿದ್ದರು. ಕುಗ್ಗಿ ಹಿಡಿಯಷ್ಟಾಗಿದ್ದರೂ ಕಣ್ಣು ಮಾತ್ರ ಚುರುಕು. ಮಗಳನ್ನು ತಬ್ಬಿಕೊಂಡು, ಅಳಿಯನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಅಳಿಯಂದ್ರು ಇನ್ನೂ ಬೆಳ್ಳಗೇ ಇದಾರೆ. ನಾಳೆ ನೋಡ್ಕೊಳೋಣ" ಎಂದರು.

ಸಂಜೆ ಕಾಫಿ ಕುಡಿದ ಮೇಲೆ ಅಕ್ಕ, "ಬಾರೇ, ನನ್ನ ಆಸ್ತಿ ತೋರಿಸ್ತೀನಿ" ಎಂದು ತಂಗಿಯನ್ನು ಒಳಗೆ ಕರೆದರು. ಡಾಕ್ಟರೂ ಹಿಂದೆ ಹೋದರು. ಅಕ್ಕ ಕಬ್ಬಿಣದ ಪೆಟ್ಟಿಗೆ ತೆರೆದು ಒಂದೊಂದೇ ಸೀರೆ ಹೊರತೆಗೆದು ಮಂಚದ ಮೇಲೆ ಬಿಡಿಸಿದರು. ಎಲ್ಲವೂ ಬಿಳಿ, ಎಲ್ಲದರ ಬೆನ್ನಿನಲ್ಲೂ ಒಂದು ಹಳದಿ ಅಂಗೈ. ಹಳೆಯ ಸೀರೆಗಳಲ್ಲಿ ಅಂಗೈ ದೊಡ್ಡದು, ಬೆರಳುಗಳು ತುಂಬಿಕೊಂಡಿವೆ. ಬರುಬರುತ್ತಾ ಅದು ಸಣ್ಣದಾಗಿದೆ. ಹೋದ ವರ್ಷದ್ದರಲ್ಲಿ ಕಿರುಬೆರಳು ಸೊಟ್ಟ.

"ಒಂದನ್ನೂ ಒಗೆದಿಲ್ಲ ನೋಡು," ಎಂದರು ಅಕ್ಕ. "ಚಿಕ್ಕಮ್ಮ ಇರೋವರೆಗೂ ಅವರ ಕೈ, ಆಮೇಲೂ ಅವರ ಕೈ. ನಿನಗೇ ಒಂದೂ ಇಲ್ಲದ ಹಾಗಾಯ್ತು."

"ನಾಳೆ ಸಿಗುತ್ತಲ್ಲ," ಎಂದು ಡಾಕ್ಟರಮ್ಮ ಸೊಟ್ಟ ಕಿರುಬೆರಳಿನ ಮೇಲೆ ತಮ್ಮ ಬೆರಳಿಟ್ಟು ನೋಡಿದರು.

ಬಾಗಿಲಲ್ಲಿ ನಿಂತಿದ್ದ ಡಾಕ್ಟರಿಗೆ ಆಗ ಅರ್ಥವಾಯಿತು. ಹೆಂಡತಿಗೆ ಬೇಕಾದದ್ದು ಬೆನ್ನು ಸವರುವ ಕೈಯಲ್ಲ, ಆ ಕೈ ಬಿಟ್ಟುಹೋಗುವ ಗುರುತು. ಆ ಗುರುತು ಕೂರದ ಹಾಗೆ ತಾವು ಎರಡು ಸಲ ಕವಚ ಹಚ್ಚಿಟ್ಟಿದ್ದಾರೆ! ಆಗಲೇ ಬಾಯಿ ಬಿಟ್ಟು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೆಂಡತಿ ಅಷ್ಟು ನಗುನಗುತ್ತಾ ಇರುವಾಗ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡರು. ಅಷ್ಟಕ್ಕೂ ಚಿಕ್ಕಮ್ಮನ ಬಣ್ಣ ಗಾಢವಂತೆ, ಕವಚವನ್ನೂ ಮೀರಿ ಹಿಡಿದರೂ ಹಿಡಿಯಬಹುದು. ತಮ್ಮ ಔಷಧ ಒಂದು ಸಲ ಸೋಲಲಪ್ಪಾ ಎಂದು ಆ ಮನುಷ್ಯ ಜನ್ಮದಲ್ಲಿ ಮೊದಲ ಬಾರಿಗೆ ದೇವರಿಗೆ ಕೈಮುಗಿದರು.

ಬೆಳಿಗ್ಗೆ ಹೇಳಲು ಯಾರು ಬಿಟ್ಟರು? ಕಣ್ಣುಬಿಡುವ ಹೊತ್ತಿಗೆ ಬೀದಿಯಲ್ಲಿ ತಮಟೆ ಶುರುವಾಗಿತ್ತು. ಮನೆ ಮನೆಯ ಮುಂದೆ ಹಂಡೆ, ಬಕೆಟ್ಟು, ತಟ್ಟೆಗಟ್ಟಲೆ ಬಣ್ಣದ ಪುಡಿ. ಎದುರು ಮನೆಯ ಗೃಹಸ್ಥರು ಕನ್ನಡಕದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಯುದ್ಧಕ್ಕೆ ಸಿದ್ಧರಾಗಿ ನಿಂತಿದ್ದರು. ಮೂಲೆಯ ಕ್ಷೌರಿಕ ಅಂಗಡಿ ಮುಚ್ಚಿ, ಗಿರಾಕಿಗಳಿಗೆ ನೀರು ಚಿಮುಕಿಸುವ ಬಾಟಲಿಗೇ ನೀಲಿ ಬಣ್ಣ ತುಂಬಿಕೊಂಡು ಬಂದಿದ್ದ. ಡಾಕ್ಟರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಡಾಕ್ಟರಮ್ಮ ಬಿಳಿ ಸೀರೆಯುಟ್ಟು ಅಂಗಳಕ್ಕೆ ಇಳಿದಾಗಿತ್ತು. ಡಾಕ್ಟರು ಬಾಲ ಸುಟ್ಟ ಬೆಕ್ಕಿನ ಹಾಗೆ ಮಹಡಿ ಹತ್ತಿ ಇಳಿದು, ಮತ್ತೆ ಹತ್ತಿ, ಕೊನೆಗೆ ಮಹಡಿಯ ವರಾಂಡದ ಕಂಬ ಹಿಡಿದು ನಿಂತರು.

ಕೆಳಗೆ ಚಿಕ್ಕಮ್ಮನ ಕುರ್ಚಿಯ ಪಕ್ಕ ಹಿತ್ತಾಳೆ ಬೋಗುಣಿಯಲ್ಲಿ ಮುತ್ತುಗದ ಬಣ್ಣ ಹಬೆಯಾಡುತ್ತಿತ್ತು. ಮೊದಲು ಅಕ್ಕ ಬಂದು ಬೆನ್ನು ತಿರುಗಿಸಿ ಕೂತರು. ಚಿಕ್ಕಮ್ಮ ಅಂಗೈ ಅದ್ದಿ ಇಟ್ಟರು. ತೆಗೆದರೆ ಬೆನ್ನ ಮೇಲೆ ಐದು ಬೆರಳೂ ಮೂಡಿದ್ದವು. ನೆರೆಯವರು ಹೋ ಎಂದರು. ಆಮೇಲೆ ಡಾಕ್ಟರಮ್ಮ ಕೂತರು. ಕೂತವರು ಕಣ್ಣು ಮುಚ್ಚಿಕೊಂಡಿದ್ದು ಮೇಲಿನಿಂದಲೂ ಕಾಣಿಸಿತು.

ಚಿಕ್ಕಮ್ಮ ಕೈ ಇಟ್ಟರು, ಒತ್ತಿದರು, ತೆಗೆದರು. ಬಣ್ಣ ಹನಿಹನಿಯಾಗಿ ಕೂಡಿಕೊಂಡು ಸೀರೆಯ ಮೇಲಿಂದ ಸರಸರನೆ ಉರುಳಿ ನೆಲಕ್ಕೆ ಬಿತ್ತು. ಬೆನ್ನು ಬೆಳ್ಳಗೇ ಇತ್ತು. ಚಿಕ್ಕಮ್ಮ ಇನ್ನೊಮ್ಮೆ ಅದ್ದಿ ಇಟ್ಟರು. ಅದೂ ಉರುಳಿತು. ನೆರೆಯವರು ಆಟವೆಂದುಕೊಂಡು ಮುಂದೆ ನುಗ್ಗಿ ಚೊಂಬುಗಟ್ಟಲೆ ಸುರಿದರು, ಪುಡಿ ಎರಚಿದರು, ಕ್ಷೌರಿಕ ನೀಲಿ ಚಿಮುಕಿಸಿದ. ಡಾಕ್ಟರಮ್ಮನ ಮುಖ, ಕೂದಲು, ಕೈ ಎಲ್ಲ ಗಿಳಿಯ ಬಣ್ಣವಾಯಿತು. ಸೀರೆ ಮಾತ್ರ ಈಗ ತಾನೇ ಪೊಟ್ಟಣದಿಂದ ತೆಗೆದ ಹಾಗಿತ್ತು.

"ಏನಿದು, ಕತ್ತಿನ ಮೇಲೆ ಹಬ್ಬ, ಕತ್ತಿನ ಕೆಳಗೆ ಆಸ್ಪತ್ರೆ!" ಎಂದು ಭಾವ ಗುಡುಗಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಚಿಕ್ಕಮ್ಮ ನಗಲಿಲ್ಲ. ತಮ್ಮ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿಕೊಂಡರು. "ನನ್ನ ಕೈಯಲ್ಲೇ ಬಲ ಇಲ್ಲ ಅನ್ಸುತ್ತೆ ಮಗಳೇ," ಎಂದರು. "ತಡ ಮಾಡಿಬಿಟ್ಟೆ ನೀನು. ಹೋದ ವರ್ಷ ಬಂದಿದ್ರೂ ಹಿಡೀತಿತ್ತೇನೋ."

ಹೆಂಡತಿಯ ಕೋಪವನ್ನು ಡಾಕ್ಟರು ತಡೆದುಕೊಳ್ಳುತ್ತಿದ್ದರು, ಊರವರ ನಗುವನ್ನೂ ತಡೆದುಕೊಳ್ಳುತ್ತಿದ್ದರು. ಆದರೆ ಆ ಮುದುಕಿ ತನ್ನ ಕೈಯನ್ನೇ ದೂರಿಕೊಂಡಳಲ್ಲ, ಅದನ್ನು ತಡೆದುಕೊಳ್ಳಲು ಅವರಿಂದಾಗಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದರು.

"ಚಿಕ್ಕಮ್ಮಾ, ನಿಮ್ಮ ಕೈ ಗಟ್ಟಿಯಾಗೇ ಇದೆ. ತಪ್ಪು ನನ್ನದು. ಸೀರೆಗೆ ಮೇಣದ ಔಷಧ ಹಚ್ಚಿದೀನಿ. ಎರಡು ಸಲ ಹಚ್ಚಿದೀನಿ. ಬಣ್ಣ ಹಿಡಿಯಬಾರದು ಅಂತಾನೇ ಹಚ್ಚಿದ್ದು."

ತಮಟೆಯವನಿಗೂ ಕೇಳಿಸಿರಬೇಕು, ಅವನೂ ನಿಲ್ಲಿಸಿದ. ಡಾಕ್ಟರಮ್ಮ ನಿಧಾನವಾಗಿ ಎದ್ದು ಗಂಡನ ಕಡೆ ತಿರುಗಿದರು. ಹಸಿರು ಮೆತ್ತಿದ ಮುಖದಲ್ಲಿ ಕಣ್ಣೆರಡು ಮಾತ್ರ ಬೆಳ್ಳಗೆ ಕಾಣುತ್ತಿದ್ದವು.

"ಇದು ಎರಡನೇ ಸಲ ರೀ," ಎಂದರು.

"ಹೌದು ಕಣೇ, ಎರಡು ಸಲ ಹಚ್ಚಿದೆ, ಅದೇ..."

"ಹಚ್ಚಿದ್ದಲ್ಲ. ಚಿಕ್ಕಮ್ಮನ ಕೈ ನೀವು ಅಳಿಸಿದ್ದು ಎರಡನೇ ಸಲ. ಮದುವೆಯಾಗಿ ವಾರದೊಳಗೆ ನನ್ನ ಪೆಟ್ಟಿಗೆಯಿಂದ ಸೀರೆ ತೆಗೆದು ಎರಡು ದಿನ ಕೂತ್ರಲ್ಲ, ಬೆನ್ನಿನ ಜಾಗದಲ್ಲಿ ಇಷ್ಟಗಲ ಹಳದಿ ಕಲೆ ಅಂತ ಊರಿಗೆಲ್ಲ ಹೇಳ್ತೀರಲ್ಲ. ಅದೇನು ಅಂದ್ಕೊಂಡಿದ್ರಿ?"

ಡಾಕ್ಟರು ಇಂಗು ತಿಂದ ಮಂಗನ ಹಾಗೆ ನಿಂತರು. ಮೂವತ್ತೊಂದು ವರ್ಷ, ಅದೆಷ್ಟು ನೂರು ಗಿರಾಕಿಗಳು! ಒಬ್ಬೊಬ್ಬರಿಗೂ ಹೆಂಡತಿಯ ಎದುರೇ, ಅವಳನ್ನೇ ಸಾಕ್ಷಿ ಹಾಕಿ, ಆ ಕಥೆ ಹೇಳಿದ್ದರು. ಅವಳ ಕಣ್ಣಲ್ಲಿ ನೀರು ಬಂದದ್ದು ನಿಜ. ಯಾಕೆ ಬಂತೆಂದು ತಾವು ಕೇಳಿರಲಿಲ್ಲ.

"ಹೇಳಬಾರದಿತ್ತೇನೇ?" ಎಂದರು.

"ಹೇಗೆ ಹೇಳ್ಲಿ? ಹೊಸ ಮದುಮಗ. ಬೆಳ್ಳಗಾದ ಸೀರೆ ಹಿಡ್ಕೊಂಡು, ಪರೀಕ್ಷೆಲಿ ಪಾಸಾದೋರ ಹಾಗೆ ಹಲ್ಲು ಕಿರಿದು ನಿಂತಿದ್ರಿ. ಎರಡು ದಿನ ಊಟ ಬಿಟ್ಟು ನನಗೋಸ್ಕರ ಅಂತ ಮಾಡಿದ್ರಿ. ಬೇಜಾರಲ್ಲೂ ನಿಮ್ಮನ್ನ ನೋಡಿ ನಗು ಬಂತು. ಅವತ್ತು ಬಿಟ್ಟುಬಿಟ್ಟೆ. ಇವತ್ತು ಬಿಡಕ್ಕೆ ಆಗಲ್ಲ ರೀ. ಇವತ್ತು ನನಗೆ ಆ ಕೈ ಬೇಕೇ ಬೇಕು."

ಡಾಕ್ಟರು ಭಾವನ ಕಡೆ ತಿರುಗಿದರು. "ಬಣ್ಣ ಎಷ್ಟು ಗಂಟೆವರೆಗೆ ಆಡ್ತೀರಿ?"

"ಹನ್ನೆರಡಕ್ಕೆ ಗಂಟೆ ಬಾರಿಸ್ತಾರೆ. ಆಮೇಲೆ ಎಲ್ಲ ಸ್ನಾನಕ್ಕೆ. ಬಣ್ಣ ಮುಟ್ಟೋ ಹಾಗಿಲ್ಲ."

ಗಡಿಯಾರದಲ್ಲಿ ಒಂಬತ್ತೂವರೆ. ಸಂಜೆಗೆ ರೈಲು. ಡಾಕ್ಟರು ತೋಳು ಮಡಚಿದರು. ಈಗ ನೋಡಬೇಕಿತ್ತು ಅವರನ್ನು. ಇಷ್ಟು ಹೊತ್ತು ಕಂಬ ಹಿಡಿದು ನಡುಗುತ್ತಿದ್ದವರು ಇವರೇ ಏನು ಎನ್ನಬೇಕು.

"ನೀನು ಬೇರೆ ಸೀರೆ ಉಟ್ಟು ಇದನ್ನ ಕೊಡು. ಅಕ್ಕಾ, ಇಸ್ತ್ರಿ ಪೆಟ್ಟಿಗೆ, ಹಳೇ ಪೇಪರು ಎಷ್ಟಿದ್ರೆ ಅಷ್ಟು. ದೊಡ್ಡ ಒಲೆ ಮೇಲೆ ಹಂಡೆ ತುಂಬ ನೀರಿಡಿ, ಕುದೀಬೇಕು. ಭಾವಾ, ನಿಮ್ಮನೇಲಿ ಪಟಿಕ ಇದೆಯಾ?"

ಪಟಿಕವೆಂದರೆ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ ಬಿಳಿಯ ಹರಳು. ಬಣ್ಣವನ್ನು ಬಟ್ಟೆಗೆ ಕಚ್ಚಿಸುವುದು ಅದೇ ಎಂದು ಡಾಕ್ಟರಿಗೆ ಚೆನ್ನಾಗಿ ಗೊತ್ತು. ಅದು ಇದ್ದ ಕಲೆಗಳೇ ಅವರನ್ನು ಹೆಚ್ಚು ಕಾಡಿದ್ದವು. ಭಾವ ಸವೆದು ಬೆರಳುಗುರಷ್ಟಾದ ಚೂರು ತಂದರು. ಡಾಕ್ಟರು ಅದನ್ನು ನೋಡಿ ತಲೆ ಆಡಿಸಿದರು. ಭಾವ ಬೀದಿಗೆ ಹೋಗಿ ತಮ್ಮ ಮೈದಾನದ ಧ್ವನಿಯಲ್ಲಿ "ಪಟಿಕಾ! ಯಾರ ಮನೇಲಿದ್ರೂ ತನ್ನಿ!" ಎಂದು ಕೂಗಿದ್ದೇ ತಡ, ಹಸಿರು, ಕೆಂಪು, ನೇರಳೆ ಮುಖದ ಗಂಡಸರೆಲ್ಲ ತಂತಮ್ಮ ಬಚ್ಚಲುಮನೆಗೆ ಓಡಿದರು. ಕ್ಷೌರಿಕ ಅಂಗಡಿಯ ಬಾಗಿಲು ತೆಗೆದು, ಎರಡು ಕೈಯಲ್ಲಿ ಹಿಡಿಯುವಂಥ ಗಟ್ಟಿಯೊಂದನ್ನು ಹೊತ್ತು ತಂದು, "ಒಂದು ವರ್ಷದ್ದು ಇದು ಸ್ವಾಮಿ, ಹಬ್ಬಕ್ಕೆ ನನ್ನ ಲೆಕ್ಕದಲ್ಲಿ" ಎಂದು ಇಟ್ಟ.

ಆಮೇಲೆ ನಡೆದದ್ದನ್ನು ಅವರ ಅಂಗಡಿಯ ಗಿರಾಕಿಗಳು ಯಾರಾದರೂ ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದರು. ಡಾಕ್ಟರು ಸೀರೆಯನ್ನು ಪೇಪರುಗಳ ನಡುವೆ ಹರಡಿ, ಕಾದ ಇಸ್ತ್ರಿ ಪೆಟ್ಟಿಗೆ ಎಳೆದರು. ಮೇಣ ಕರಗಿ ಪೇಪರಿಗೆ ಹೀರಿತು. ಪೇಪರು ಬದಲಿಸಿ ಮತ್ತೆ ಎಳೆದರು. ಆಮೇಲೆ ತಮ್ಮ ಪೆಟ್ಟಿಗೆಯಿಂದ ಒಂದು ಬಾಟಲಿ ಸುರಿದು, ಒಗೆಯುವ ಸೋಡಾ ಬೆರೆಸಿದ ಕುದಿಯುವ ನೀರಿಗೆ ಸೀರೆ ಅದ್ದಿ, ಕೈ ಸುಡುತ್ತಿದ್ದರೂ ಬಿಡದೆ ಉಜ್ಜಿದರು. ಬಿಸಿನೀರು, ಉಜ್ಜುವುದು, ಇಸ್ತ್ರಿ. ಬೋರ್ಡಿನ ಮೇಲೆ ಬೇಡ ಎಂದು ಬರೆಸಿದ್ದ ಮೂರನ್ನೂ ಒಂದು ಗಂಟೆಯೊಳಗೆ ಮಾಡಿ ಮುಗಿಸಿದರು. ಒಂದು ಹನಿ ನೀರು ಬಿಟ್ಟು ನೋಡಿದರು. ಉರುಳಲಿಲ್ಲ, ಬಟ್ಟೆಯೊಳಗೆ ಇಳಿಯಿತು. ತಮ್ಮ ಔಷಧ ಸೋತದ್ದಕ್ಕೆ ಅವರು "ಭಲೆ!" ಎಂದು ತೊಡೆ ತಟ್ಟಿದರು. ಪಟಿಕವನ್ನು ಕುಟ್ಟಿ ಬಿಸಿನೀರಿನಲ್ಲಿ ಕರಗಿಸಿ ಸೀರೆಯನ್ನು ಅದರಲ್ಲಿ ನೆನೆಹಾಕಿದ್ದೂ ಆಯಿತು.

ಕುರ್ಚಿಯಿಂದಲೇ ಎಲ್ಲ ನೋಡುತ್ತಿದ್ದ ಚಿಕ್ಕಮ್ಮ ಆಗ ಬಾಯಿ ಬಿಟ್ಟರು. "ಅಳಿಯಂದ್ರೇ, ನಾನು ಇನ್ನೊಂದು ಸಲ ಕೈ ಇಡ್ತೀನಿ ಅಂತ ಯಾರು ಹೇಳಿದ್ದು?"

ಡಾಕ್ಟರು ಒದ್ದೆ ಕೈಯಲ್ಲೇ ಕುರ್ಚಿಯ ಹತ್ತಿರ ಓಡಿದರು. "ಚಿಕ್ಕಮ್ಮಾ, ನನ್ನ ಮೇಲಿನ ಸಿಟ್ಟು ಅವಳ ಮೇಲೆ..."

"ಸಿಟ್ಟಿಲ್ಲ. ಒಂದು ಮಾತಿದೆ. ನಿಮ್ಮ ಅಂಗಿಗೂ ಅದೇ ಔಷಧ ಹಚ್ಚಿದೀರಾ?"

ಡಾಕ್ಟರು ತಲೆ ತಗ್ಗಿಸಿದರು. "ಒಂದೇ ಸಲ," ಎಂದರು.

"ಬಿಚ್ಚಿ. ಅದನ್ನೂ ಹಾಗೇ ಮಾಡಿ, ಅದೇ ನೀರಲ್ಲಿ ಅದ್ದಿ, ಹಾಕ್ಕೊಂಡು ಬನ್ನಿ. ಮೊದಲು ನಿಮ್ಮ ಬೆನ್ನು. ಆಮೇಲೆ ಮಗಳದ್ದು."

"ಅದು ಹೆಣ್ಣುಮಕ್ಕಳಿಗೆ ಮಾತ್ರ ಅಲ್ವಾ ಚಿಕ್ಕಮ್ಮ?" ಎಂದರು ಅಕ್ಕ, ನಗು ತಡೆಯುತ್ತಾ.

"ಮೂವತ್ತೊಂದು ವರ್ಷ ನನ್ನ ಮಗಳ ಜೊತೆ ಇದ್ದು ಒಂದು ಹಬ್ಬಾನೂ ಕಾಣದೋರು. ಇವರನ್ನ ಎಲ್ಲಿ ಸೇರಿಸಬೇಕು ಅಂತ ನನಗೆ ಗೊತ್ತು. ಬಿಚ್ಚಿ ಅಂಗಿ!"

ಹನ್ನೊಂದೂ ಮುಕ್ಕಾಲಿಗೆ ಡಾಕ್ಟರು ಒದ್ದೆ ಅಂಗಿ ತೊಟ್ಟು ಚಿಕ್ಕಮ್ಮನ ಮುಂದೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತರು. ಬಿಸಿ ಬಣ್ಣದ ಒಂದು ಪುಟ್ಟ ಕೈ ಅವರ ಬೆನ್ನಿಗೆ ತಾಗಿತು. ಅದು ಮೆಲ್ಲಗೆ ಇಟ್ಟ ಕೈಯಲ್ಲ. ಎಂಬತ್ನಾಲ್ಕರ ಮುದುಕಿಗೆ ಅಷ್ಟು ಬಲ ಎಲ್ಲಿತ್ತೋ, ಗುದ್ದಿದಂತೆಯೇ ಬಿತ್ತು. ಡಾಕ್ಟರಿಗೆ ಯಾಕೋ ತಮ್ಮ ತಾಯಿಯ ನೆನಪಾಯಿತು, ಕಣ್ಣು ಮಂಜಾಯಿತು. ಒರೆಸಿಕೊಳ್ಳುವಷ್ಟರಲ್ಲಿ ಭಾವ ಹಿಂದಿನಿಂದ ಒಂದು ಬಕೆಟ್ಟು ಕೆಂಪು ನೀರನ್ನು ತಲೆಯ ಮೇಲೆ ಸುರಿದರು. ಅದನ್ನೇ ಕಾಯುತ್ತಿದ್ದವರ ಹಾಗೆ ಇಡೀ ಬೀದಿ ಅವರ ಮೇಲೆ ಬಿತ್ತು. "ಬೆನ್ನು ಬಿಡ್ರೋ! ಬೆನ್ನು ಬಿಟ್ಟು ಹಾಕ್ರೋ!" ಎಂದು ಡಾಕ್ಟರು ಕೂಗುತ್ತಿದ್ದರು. ಕನ್ನಡಕದ ಗೃಹಸ್ಥರು ಅವರ ಕಿವಿಯೊಳಕ್ಕೇ ಪುಡಿ ಹಾಕಿದರು.

ಇತ್ತ ಡಾಕ್ಟರಮ್ಮ ಒದ್ದೆ ಸೀರೆಯುಟ್ಟು ಬಂದು ಕೂತರು. ಈ ಸಲ ಕಣ್ಣು ಮುಚ್ಚಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದರು. ಚಿಕ್ಕಮ್ಮ ಅಂಗೈ ಅದ್ದಿ, ಹನಿ ತೊಟ್ಟಿಕ್ಕಲು ಬಿಟ್ಟು, ಬೆನ್ನ ಮೇಲೆ ಇಟ್ಟು, ತುಂಬ ಹೊತ್ತು ತೆಗೆಯಲೇ ಇಲ್ಲ. ತೆಗೆದಾಗ ಐದು ಬೆರಳೂ ಇದ್ದವು, ಸೊಟ್ಟ ಕಿರುಬೆರಳೂ ಇತ್ತು.

"ಹಿಡೀತಾ ರೀ?" ಎಂದು ಡಾಕ್ಟರಮ್ಮ ಕೇಳಿದರು. ಬೆನ್ನು ತಮಗೆ ಕಾಣುವುದಿಲ್ಲವಲ್ಲ.

ಡಾಕ್ಟರು ಬಣ್ಣ ಸೋರುವ ತಲೆಯನ್ನು ಬಗ್ಗಿಸಿ, ಅಂಗಡಿಯಲ್ಲಿ ನೋಡುವಂತೆಯೇ ಹತ್ತಿರದಿಂದ ನೋಡಿದರು. "ಹಿಡಿದಿದೆ ಕಣೇ," ಎಂದರು. "ನಮ್ಮಪ್ಪ ಬಂದ್ರೂ ತೆಗೆಯಕ್ಕಾಗಲ್ಲ." ಅಷ್ಟು ಹೊತ್ತು ಗಟ್ಟಿಯಾಗಿದ್ದ ಡಾಕ್ಟರಮ್ಮ ಆಗ ಅತ್ತರು. ಈ ಬಾರಿ ಡಾಕ್ಟರು ಯಾಕೆಂದು ಕೇಳಿದರು. "ಸುಮ್ಮನಿರಿ, ಖುಷಿಗೆ" ಎಂದು ಉತ್ತರ ಬಂತು. ಹನ್ನೆರಡರ ಗಂಟೆಯೂ ಬಾರಿಸಿತು.

ಊರಿಗೆ ಮರಳಿ ವಾರವಾದರೂ ಡಾಕ್ಟರ ಕಿವಿಯಿಂದ ಬಣ್ಣ ಬರುತ್ತಿತ್ತು. ಕೋಟುಗಳ ಗುಡ್ಡದ ಹಿಂದೆ ನೇರಳೆ ಕಿವಿ ಕಂಡು ಪೇಟೆಯವರು ನಕ್ಕರು. ಸೀರೆಯ ಮೇಲಿನ ಅಂಗೈ ಎಂದೂ ಮಾಸದಿರಲೆಂದು ಅವರು ಅದನ್ನು ನೆರಳಿನಲ್ಲಿ ಒಣಗಿಸಿ, ಒದ್ದೆ ಬಟ್ಟೆ ಹಾಸಿ, ಮೇಲಿನಿಂದ ಇಸ್ತ್ರಿ ಹಬೆ ಕೊಟ್ಟರು. ಡಾಕ್ಟರಮ್ಮ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ತಮ್ಮ ಸೊಂಟಕ್ಕೇ ಸಿಕ್ಕಿಸಿಕೊಂಡರು. ಗಂಡನ ಮೇಲೆ ನಂಬಿಕೆ ಬೇರೆ, ಅವರ ಕೈಚಳಕದ ಮೇಲಿನ ಭಯ ಬೇರೆ.

ಅಂಗಿ ಮಾತ್ರ ಅಂಗಡಿಯಲ್ಲೇ ಇದೆ, ಬೋರ್ಡಿನ ಪಕ್ಕದ ಗೂಟದಲ್ಲಿ, ಬೆನ್ನು ಮುಂದಾಗಿ. ಹೊಸ ಗಿರಾಕಿಗಳು ಅದನ್ನು ನೋಡಿ, "ಏನ್ ಡಾಕ್ಟ್ರೇ, ಇದು ನಿಮ್ಮ ಕೈಲೂ ಹೋಗಲಿಲ್ವಾ?" ಎನ್ನುತ್ತಾರೆ. ಆಗ ಹಳೆಯ ಕಥೆ ಶುರುವಾಗುತ್ತದೆ. ಮದುವೆಯಾಗಿ ವಾರ ಆಗಿರಲಿಲ್ಲ ಸ್ವಾಮಿ, ಬಿಳಿ ಸೀರೆ, ಇಷ್ಟಗಲ ಹಳದಿ ಕಲೆ, ಎರಡು ದಿನ ಕೂತೆ, ಇವಳ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಬಂದಾಗ ಡಾಕ್ಟರು ಒಂದು ಗಳಿಗೆ ನಿಲ್ಲಿಸಿ, "ಯಾಕೆ ಅಂತ ಇವಳನ್ನೇ ಕೇಳಿ" ಎನ್ನುತ್ತಾರೆ. ಡಾಕ್ಟರಮ್ಮ ಗುಂಡಿಯ ಡಬ್ಬಿ ಮುಚ್ಚಿಟ್ಟು, ಮುಂದಿನದನ್ನು ತಾವೇ ಹೇಳುತ್ತಾರೆ. ಅವರು ಹೇಳಿದರೆ ಕಥೆ ಇನ್ನೂ ಉದ್ದವಾಗುತ್ತದೆ, ಗಿರಾಕಿಗಳು ಬಟ್ಟೆ ಮರೆತು ಕೂರುತ್ತಾರೆ.

ಭಾನುವಾರ ಬೆಳಿಗ್ಗೆ ತಪ್ಪದೆ ಫೋನು ಬರುತ್ತದೆ. ಚಿಕ್ಕಮ್ಮ ಮಗಳನ್ನಲ್ಲ, ಅಳಿಯನನ್ನೇ ಕರೆಯುತ್ತಾರೆ.

"ಅಳಿಯಂದ್ರೇ, ನನ್ನ ಕೈ ಇದೆಯಾ?"

ಡಾಕ್ಟರು ಫೋನು ಹಿಡಿದುಕೊಂಡೇ ಗೂಟದವರೆಗೆ ಹೋಗಿ, ಭೂತಗನ್ನಡಿ ಇಟ್ಟು ನೋಡುತ್ತಾರೆ. ಒಂದೊಂದು ಬೆರಳನ್ನೂ ನೋಡುತ್ತಾರೆ.

"ಇದೆ ಚಿಕ್ಕಮ್ಮ."

"ಸ್ವಲ್ಪನೂ ಮಾಸಿಲ್ವಾ?"

"ಇಲ್ಲ ಚಿಕ್ಕಮ್ಮ, ಹೋಗೋದೇ ಇಲ್ಲ ಇದು."

"ಹಾಗಾದ್ರೆ ಮುಂದಿನ ವರ್ಷ ಬೇರೆ ಅಂಗಿ ತನ್ನಿ," ಎಂದು ಚಿಕ್ಕಮ್ಮ ಫೋನು ಇಡುತ್ತಾರೆ.